ಬಲ ಎಂದರೆ ಯಾವ ಕಡೆ

ಮೂರು ದೋಣಿಗೆ ಕೊಟ್ಟದ್ದು ಎರಡು ಸಾವಿರದ ನೂರು ದಿರ್ಹಮ್, ಮೇಲಿಂದ ಮುಂದಿನ ಒಂದು ಹಲ್ಲು. ದೋಣಿಯ ದರವನ್ನು ನಾನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದೆ. ಹಲ್ಲಿನ ಮಟ್ಟಿಗೆ ಚೌಕಾಸಿ ಮಾಡಲು ಎದುರಿಗೆ ಯಾರೂ ಇರಲಿಲ್ಲ.

ನನ್ನದು ಹಳೆ ಸಾಮಾನಿನ ವ್ಯಾಪಾರ. ದುಬೈಯ ಹೋಟೆಲಿನವರು ಕೋಣೆಗಳ ಅಂದ ಬದಲಿಸುವಾಗ ಮಂಚ, ದೀಪ, ಪರದೆ, ಕನ್ನಡಿ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡು ಬಂದು ಅಲ್ ಕೂಸ್‌ನ ಗೋದಾಮಿಗೆ ಹಾಕುತ್ತೇನೆ. ಹಾಗೆ ಒಂದು ಕಡಲ ತೀರದ ಹೋಟೆಲಿಗೆ ಮಂಚ ನೋಡಲು ಹೋದಾಗ ಹಿತ್ತಿಲಲ್ಲಿ ಈ ದೋಣಿಗಳು ಬೋರಲು ಬಿದ್ದಿದ್ದವು. ಹಿಂದೆ ಒಬ್ಬ, ಮುಂದೆ ಒಬ್ಬ ಕೂರುವ ಸಪೂರ ಕನೂಗಳು. ಹೋಟೆಲಿನ ಮ್ಯಾನೇಜರ್ ಅದಕ್ಕೂ ಬಂಗಾರದ ದರ ಹೇಳಿದ. ನಾನು ದರದ ಮಾತೇ ಎತ್ತದೆ, ಇದನ್ನು ಇಲ್ಲಿಂದ ಸಾಗಿಸಲು ಲಾರಿ ಯಾವಾಗ ಬರುತ್ತದೆ ಎಂದು ಕೇಳಿದೆ. ಅವನ ಮುಖ ಇಳಿಯಿತು. ಮಾರುವವನಿಗೆ ಬೇಕಾಗಿರುವುದು ಹಣವೋ ಜಾಗವೋ ಎಂದು ಮೊದಲು ನೋಡಿಕೊಳ್ಳಬೇಕು. ಜಾಗ ಬೇಕಾದವನು ಬೇಗ ಒಪ್ಪುತ್ತಾನೆ. ಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಮಲ್ಪೆ ಹೊಳೆಬದಿಯವನು. ನೀರು ಕಾಣದೆ ಬಿಸಿಲಿಗೆ ಒಣಗುವ ದೋಣಿಯನ್ನು ನೋಡಿಕೊಂಡು ಸುಮ್ಮನೆ ಬರಲು ನನ್ನಿಂದಾಗುವುದಿಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ. ಬನಿಯಾಸ್‌ನ ಒಂದು ಕಟ್ಟಡಕ್ಕೆ ಮಂಚ ಇಳಿಸಿ ಬರುವಾಗ ಅಬುಧಾಬಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಬದಿ ಗಾಡಿ ನಿಲ್ಲಿಸಿದೆ. ನೀರು ಇಳಿದಿತ್ತು. ಕಾಂಡ್ಲಾ ಬೇರಿನ ಬುಡದ ಕಪ್ಪು ಕೆಸರು ಹೊರಗೆ ಬಿದ್ದು, ಉಪ್ಪು, ಕೊಳೆತ ಎಲೆ, ಏಡಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ನಾಲಗೆ ತಾನಾಗಿ ಕಟ್ಟಿಸಿದ ಹಲ್ಲನ್ನು ಮುಟ್ಟಿ ನೋಡಿತು. ಮೂರು ವರ್ಷದ ಹಿಂದಿನ ಆ ಚಳಿಗಾಲದಲ್ಲಿ ನಾವು ಇದೇ ನೀರಿನಲ್ಲಿ ಶತ್ರುವಿನ ಹಡಗಿಗೆ ಬಾಂಬು ಅಂಟಿಸಿದ್ದೆವು.

ಬಾಂಬು ರಬ್ಬರಿನದು, ಹಡಗು ಸಿನಿಮಾದ್ದು. ವಿದೇಶಿ ಟಿವಿಯವರು ಎರಡನೇ ಮಹಾಯುದ್ಧದ ಒಂದು ಸಾಹಸವನ್ನು ಚಿತ್ರ ಮಾಡುತ್ತಿದ್ದರು. ಬೆರಳೆಣಿಕೆಯ ಸೈನಿಕರು ಬಟ್ಟೆ ಹೊದೆಸಿದ ಪುಟ್ಟ ಕನೂಗಳಲ್ಲಿ, ಒಂದೊಂದರಲ್ಲಿ ಇಬ್ಬರಂತೆ, ಶತ್ರುವಿನ ಹೊಳೆಯೊಳಗೆ ನುಗ್ಗುತ್ತಾರೆ. ಹಗಲು ಜೊಂಡಿನಲ್ಲಿ ಅಡಗಿರುವುದು, ಕತ್ತಲಾದ ಮೇಲೆ ಹುಟ್ಟು ಹಾಕುವುದು. ಬಂದರಿನಲ್ಲಿ ನಿಂತ ದೊಡ್ಡ ಹಡಗುಗಳ ಹೊಟ್ಟೆಗೆ ಅಯಸ್ಕಾಂತದ ಬಾಂಬು ಅಂಟಿಸಿ ಜಾರಿಕೊಳ್ಳುವುದು. ಹೋದವರಲ್ಲಿ ಹಿಂದೆ ಬಂದವರು ತೀರ ಕಡಿಮೆ. ಚಿತ್ರತಂಡಕ್ಕೆ ಸಲಹೆ ಕೊಡಲು ಬಂದಿದ್ದ ಬಿಳಿ ಮೀಸೆಯ ನಿವೃತ್ತ ಸೈನಿಕನೊಬ್ಬ ಇದನ್ನು ಹೇಳುವಾಗ ಪ್ರತಿಸಲವೂ ಟೋಪಿ ತೆಗೆಯುತ್ತಿದ್ದ.

ಅಬುಧಾಬಿಯಲ್ಲಿ ಯುರೋಪಿನ ಹೊಳೆ ಎಲ್ಲಿಂದ ಬರಬೇಕು? ಅದಕ್ಕೆ ಅವರು ಮಂಜನ್ನು ನಂಬಿದ್ದರು. ಇಲ್ಲಿ ಚಳಿಗಾಲದ ಕೆಲವು ಬೆಳಗ್ಗೆ ಮಂಜು ಎಷ್ಟು ದಪ್ಪ ಬೀಳುತ್ತದೆಂದರೆ ಎದುರಿನ ಕಾಂಡ್ಲಾ ಗಿಡವೂ ಬರೀ ನೆರಳು. ಆಗ ಚಿತ್ರ ತೆಗೆದು ಆಮೇಲೆ ಬಣ್ಣ ಗಾಢ ಮಾಡಿದರೆ ರಾತ್ರಿಯಾಗುತ್ತದಂತೆ. ಒಂದು ಹಳೆಯ ಮರದ ಮಂಜಿಗೆ, ಎಂದರೆ ಇವರು ಧೋ ಎನ್ನುವ ಸರಕಿನ ದೋಣಿಗೆ, ತಗಡು ಹೊಡೆದು ಬೂದು ಬಣ್ಣ ಬಳಿದು ಸರಕು ಹಡಗು ಮಾಡಿದ್ದರು. ಈ ಕಡೆಯ ಏರ್ಪಾಡನ್ನೆಲ್ಲ ನೋಡುತ್ತಿದ್ದವಳು ರೀಮಾ ಎಂಬ ಲೆಬನಾನಿನ ಹೆಂಗಸು. ಜುಮೇರಾ ಲೇಕ್ ಟವರ್ಸ್‌ನಲ್ಲಿ ಅವಳ ಆಫೀಸು. ಕನೂ ಬಾಡಿಗೆಗೆ ಕೇಳಿಕೊಂಡು ನನ್ನ ಗೋದಾಮಿಗೆ ಬಂದಳು. ಹುಟ್ಟು ಹಾಕುವ ಜನ ಸಿಕ್ಕಿದ್ದಾರಾ ಎಂದು ಕೇಳಿದೆ. ದೋಣಿ ಕ್ಲಬ್ಬಿನವರು ವಾರಾಂತ್ಯ ಮಾತ್ರ ಬರುತ್ತಾರೆ ಎಂದಳು.

"ಜನ ನಾನು ಕೊಡುತ್ತೇನೆ" ಎಂದೆ. ಗಿರಾಕಿ ಒಂದು ಸಾಮಾನು ಕೇಳಿದಾಗ, ಅದರ ಜೊತೆ ಅವನಿಗೆ ಇನ್ನೇನು ಇಲ್ಲವೆಂದು ಕೇಳದಿದ್ದರೆ ಅದು ವ್ಯಾಪಾರವೇ ಅಲ್ಲ.

ಉಳ್ಳಾಲದ ಲ್ಯಾನ್ಸಿ ಹೋಟೆಲ್ ಕೆಲಸದವ, ಕೊಂಕಣಿ ಮನೆಮಾತು, ಈಜಿನಲ್ಲಿ ಮೀನು. ಅವನು ತನ್ನ ಹೋಟೆಲಿನಿಂದಲೇ ಮೂವರನ್ನು ಕರೆತಂದ. ಎಲ್ಲರೂ ನಮ್ಮ ಕರಾವಳಿಯವರೇ. ಅಲ್ಲಿಗೆ ಎರಡು ದೋಣಿ ತುಂಬಿತು. ಮೂರನೆಯದಕ್ಕೆ ನಾನೊಬ್ಬ. ಇನ್ನೊಬ್ಬನಾಗಿ ಮಂಜುನಾಥನನ್ನು ಹಿಡಿದೆ.

ಮಂಜುನಾಥನಿಗಾಗಿಯೇ ಇದನ್ನು ಬರೆಯುತ್ತಿರುವುದು. ಮಂಡ್ಯದವನು, ಅಕೌಂಟ್ಸ್ ಓದಿದವನು. ಆ ಚಳಿಗಾಲದ ಶುರುವಿನಲ್ಲೇ ಅವನಿದ್ದ ಕಂಪನಿ ಬಾಗಿಲು ಹಾಕಿತ್ತು. ವೀಸಾ ರದ್ದಾದ ಮೇಲೆ ಇಲ್ಲಿರಲು ಸಿಗುವ ಗಡುವು ಸವೆಯುತ್ತಿತ್ತು. ಹೆಂಡತಿ ಸುಮಾ, ಮಗಳು ನಿಧಿ ಇಬ್ಬರೂ ಅವನ ವೀಸಾದ ಮೇಲೆಯೇ ಇದ್ದವರು. ನಿಧಿಗೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಹತ್ತಿರ ಬಂದಿತ್ತು. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ಪರೀಕ್ಷೆಯ ಮುಖ ನೋಡದೆ ಮೂವರೂ ವಿಮಾನ ಹತ್ತಬೇಕು. ಮಿರ್ದಿಫ್‌ನ ಅವರ ಮನೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ನಾನು ಹೋದದ್ದು ಫ್ರಿಜ್ಜು, ಸೋಫಾ ಕೊಳ್ಳಲು. ಸೋಫಾ ತೋರಿಸುತ್ತಾ ಅವನೇ ಅದರ ಮೇಲೆ ಕುಸಿದು ಕೂತ. ಆ ಸೋಫಾಕ್ಕೆ ನಾನು ದರ ಹೇಳಲಿಲ್ಲ.

"ಹುಟ್ಟು ಹಾಕ್ಲಿಕ್ಕೆ ಬರ್ತದಾ ಮಂಜು?" ಎಂದು ಕೇಳಿದೆ.

"ಕಾವೇರೀಲಿ ಹರಿಗೋಲು ಹಾಕಿವ್ನಿ ಕಣಣ್ಣ."

"ನಿಮ್ಮ ಹರಿಗೋಲು ಇದ್ದಲ್ಲೇ ಸುತ್ತುವುದಲ್ವಾ ಮಾರಾಯ. ಇದು ಮುಂದೆ ಹೋಗ್ಬೇಕು."

"ಸುತ್ತೋದನ್ನೇ ನೆಟ್ಟಗೆ ಹೊಡೆದಿವ್ನಿ. ನೆಟ್ಟಗಿರೋದು ಎಷ್ಟರದು ಬುಡಿ" ಎಂದ. ಎಷ್ಟೋ ದಿನಗಳ ಮೇಲೆ ನಕ್ಕನೆಂದು ಸುಮಾ ಆಮೇಲೆ ಹೇಳಿದಳು.

ರೀಮಾಳ ಆಫೀಸಿನವರು ಎಲ್ಲರಿಗೂ ಪಾಸು ಮಾಡಿಸಿದರು. ಅವಳಿಗೆ ನೀರಿನ ದೃಶ್ಯಗಳ ಜನರನ್ನು ನೋಡಿಕೊಳ್ಳಲು ಕಾಯಂ ಒಬ್ಬ ಬೇಕೆಂದು ಮಾತಿನ ನಡುವೆ ನನಗೆ ತಿಳಿದಿತ್ತು. ನಾನು ಮಂಜುನಾಥನ ಹೆಸರು ಹೇಳಿದೆ. "ಕೆಲಸದಲ್ಲಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ" ಎಂದಳು. ಅಷ್ಟು ಸಾಕಿತ್ತು ನಮಗೆ.

ಎರಡು ಬೆಳಗ್ಗೆ ಬರೀ ಕಾದದ್ದಾಯಿತು. ಚಳಿಗೆ ಸೈನಿಕರ ಉಣ್ಣೆಟೋಪಿ ಹಾಕಿ, ಮುಖಕ್ಕೆ ಕಪ್ಪು ಬಳಿದುಕೊಂಡು ದಡದಲ್ಲಿ ಕೂತು ಚಾಯ ಕುಡಿಯುವುದು. ನನ್ನ ಹೊಟ್ಟೆಗೆ ಅವರ ಅಂಗಿಯ ಗುಂಡಿ ಬೀಳದೆ, ಬೆನ್ನಿನ ಕಡೆ ಹರಿದು ಪಿನ್ನು ಚುಚ್ಚಿದ್ದರು. ದೂರದಿಂದ ತೆಗೆಯುವ ಚಿತ್ರಕ್ಕೆ ಮಾತ್ರ ನಾವು. ಹತ್ತಿರದ ಮುಖಗಳಿಗೆ ಅವರದೇ ನಟರು.

"ನಮ್ಮನ್ನು ನೋಡಿ ಬ್ರಿಟಿಷರು ಅಂತ ಯಾರು ನಂಬ್ತಾರೆ?" ಎಂದು ನಾನು ಕೇಳಿದ್ದಕ್ಕೆ ಲ್ಯಾನ್ಸಿ, "ಕಪ್ಪು ಬಳಿದ ಮೇಲೆ ಲಂಡನ್ ಆದ್ರೆಂತ, ಉಳ್ಳಾಲ ಆದ್ರೆಂತ ವಿಠಲಣ್ಣ. ಒಂದೇ ಸೋಪು" ಎಂದ. ಆಮೇಲೆ ಮಂಜುನಾಥನ ಕಡೆ ತಿರುಗಿ, "ಮಂಜು ಬಂದ್ರೆ ಶೂಟಿಂಗ್ ಅಂತ ಹೇಳಿದ್ರು. ನೀನು ಬಂದು ಎರಡು ದಿನ ಆಯ್ತು, ಶುರುವೇ ಮಾಡುದಿಲ್ಲವಲ್ಲ ಇವರು!"

ಮೂರನೆಯ ಬೆಳಗ್ಗೆ ನಿಜವಾದ ಮಂಜು ಇಳಿಯಿತು. ನೀರೂ ಆಕಾಶವೂ ಒಂದೇ ಬಣ್ಣ. ನಮ್ಮ ದೋಣಿ ಮುಂದೆ; ಮುಂದಿನ ಸೀಟಿನಲ್ಲಿ ನಾನು, ದಿಕ್ಕು ತಿರುಗಿಸುವ ಹಿಂದಿನ ಸೀಟಿನಲ್ಲಿ ಮಂಜುನಾಥ. ಲ್ಯಾನ್ಸಿಯ ದೋಣಿ ನಮ್ಮ ಹಿಂದೆ, ಮೂರನೆಯದು ಅವನ ಹಿಂದೆ. ಕಾಂಡ್ಲಾ ಗಿಡಗಳ ಅಂಚಿನಲ್ಲಿ ಜಾರಿ, ನೆಟ್ಟಗೆ ಹಡಗಿನ ಬದಿಗೆ ಸೇರಬೇಕು. ಬಲಗಡೆ ಸ್ವಲ್ಪ ದೂರದಲ್ಲಿ ಕ್ಯಾಮೆರಾದ ದೋಣಿ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹಡಗು ಎದುರಿಗೇ ಇತ್ತು, ದಾರಿ ಖಾಲಿ. ಇನ್ನು ಜೋರಾಗಿ ಹಾಕಿದರೆ ಆಯಿತು. ಆ ಉಮೇದಿನಲ್ಲಿ ಬಾಯಿಗೆ ಬಂದದ್ದು ಮನೆಮಾತು. ತಗ್ಗಿದ ದನಿಯಲ್ಲಿ, "ಬಲ... ಬಲ ಬಲ!" ಎಂದೆ.

ತುಳುವಿನಲ್ಲಿ ಬಲ ಎಂದರೆ ಬಾ. ನಮ್ಮ ಕಡೆ ದೋಣಿ ಎಳೆಯುವಾಗ, ಬಲೆ ಎಳೆಯುವಾಗ, ಮಗುವನ್ನು ನಡೆಸುವಾಗ ಎಲ್ಲದಕ್ಕೂ ಬಲ ಬಲ ಎಂದೇ ಹುರಿದುಂಬಿಸುವುದು. ಮಂಡ್ಯದವನಿಗೆ ಬಲ ಎಂದರೆ ಬಲಗಡೆ. ಅವನು ಹುಟ್ಟು ಒತ್ತಿ ದೋಣಿಯನ್ನು ಬಲಕ್ಕೆ ತಿರುಗಿಸಿದ. ಯಾಕೆ ತಿರುಗಿತೆಂದು ಗಾಬರಿಯಾಗಿ ನಾನು ಇನ್ನೂ ಜೋರಾಗಿ ಬಲ ಬಲ ಎಂದೆ. ಅವನು ಇನ್ನೂ ತಿರುಗಿಸಿದ. ಹಿಂದಿದ್ದ ಲ್ಯಾನ್ಸಿಗೆ ತುಳು ಚೆನ್ನಾಗಿ ಬರುತ್ತದೆ. ತನ್ನನ್ನೇ ಕರೆಯುತ್ತಿದ್ದೇನೆಂದು ತಿಳಿದು ಅವನು ಇದ್ದ ಬಲವನ್ನೆಲ್ಲ ಹಾಕಿ ಮುಂದೆ ಬಂದ. ನಾವು ಕ್ಯಾಮೆರಾ ದೋಣಿಗೆ ಹೊಡೆದೆವು, ಲ್ಯಾನ್ಸಿ ನಮಗೆ ಹೊಡೆದ. ನನ್ನ ಬಾಯಿ ಆ ದೋಣಿಯ ಕಬ್ಬಿಣದ ಕಂಬಿಗೆ ತಾಗಿತು. ಕ್ಯಾಮೆರಾ ಉಳಿಯಿತು; ಅದನ್ನು ಹಿಡಿದಿದ್ದವನು ನೀರಿಗೆ ಬಿದ್ದ.

ನಮ್ಮ ಎರಡು ದೋಣಿಯೂ ಮಗುಚಿದ್ದವು. ಸೊಂಟದವರೆಗಿನ ನೀರಿನಲ್ಲಿ ನಿಂತು ಜಗಳ ಶುರುವಾಯಿತು.

"ಬಲಕ್ಕೆ ಯಾಕೆ ಹಾಕಿದ್ದು ನೀನು?"

"ನೀವೇ ಬಲ ಬಲ ಅಂತ ಬಡ್ಕೊಂಡ್ರಲ್ಲಣ್ಣ!"

"ಬಲ ಅಂದ್ರೆ ಬಾ ಅಂತ ಮಾರಾಯ!"

"ಒಂದೇ ದೋಣೀಲಿ ನಿಮ್ಮ ಬೆನ್ನಿಗೇ ಕೂತಿವ್ನಿ. ಇನ್ನೆಲ್ಲಿಗೆ ಬರ್ಲಿ ನಾನು?"

ಲ್ಯಾನ್ಸಿ ನಗು ತಡೆಯಲಾರದೆ ಇನ್ನೊಮ್ಮೆ ನೀರಿಗೆ ಬಿದ್ದ. ನನ್ನ ಬಾಯಿಯಿಂದ ಬರುತ್ತಿದ್ದ ರಕ್ತ ಕಂಡು ಎಲ್ಲರೂ ನನ್ನ ಸುತ್ತ ಬಂದರು. ಮಂಜುನಾಥ ತನ್ನ ಟೋಪಿಯನ್ನೇ ಹಿಂಡಿ ನನ್ನ ತುಟಿಗೆ ಒತ್ತಿ ಹಿಡಿದ. ಹಿಡಿದುಕೊಂಡೇ ದಡದ ಕಡೆ ನೋಡಿದ. ದಡದಲ್ಲಿ ರೀಮಾ ನಿಂತಿದ್ದಳು.

"ನಿಮ್ಮ ದೋಣಿ ಬೇಡ. ಉಳಿದ ಎರಡರಲ್ಲೇ ತೆಗೆಯುತ್ತೇವೆ. ಖಲಾಸ್" ಎಂದಳು.

ಬಾಯಿಗೆ ಟೋಪಿ ಒತ್ತಿಕೊಂಡೇ ನಾನು ಚೌಕಾಸಿಗೆ ನಿಂತೆ. ಬದುಕಿನಲ್ಲಿ ಅಷ್ಟು ಕಷ್ಟದ ಚೌಕಾಸಿ ಮಾಡಿಲ್ಲ. 'ಪ' ಎಂದರೆ 'ಫ' ಎಂದು ಹೊರಡುತ್ತಿತ್ತು. ಎರಡು ದೋಣಿಯಾದರೆ ದಾಳಿಯ ಹಾಗೆ ಕಾಣುವುದಿಲ್ಲ, ಮೀನು ಹಿಡಿಯಲು ಹೋದ ಹಾಗೆ ಕಾಣುತ್ತದೆ ಎಂದೆ. ಅದಕ್ಕೆ ಬಿಳಿ ಮೀಸೆಯವನು ತಲೆಯಾಡಿಸಿದ. ಇನ್ನೊಂದು ಬೆಳಗ್ಗೆ ಕೊಡಿ, ಮತ್ತೆ ತಪ್ಪಿದರೆ ಚಿತ್ರ ಮುಗಿಯುವವರೆಗೆ ಮೂರೂ ದೋಣಿ ಬಾಡಿಗೆಯಿಲ್ಲದೆ ನಿಮ್ಮವೇ ಎಂದೆ. ಅವಳು ನನ್ನ ಮುಖವನ್ನೂ ಮಂಜುನಾಥನ ಮುಖವನ್ನೂ ನೋಡಿದಳು. ಮಂಜು ಇನ್ನೊಮ್ಮೆ ಬೀಳುವುದು ನಾಡಿದ್ದು ಎಂದು ಹವಾಮಾನದವರು ಹೇಳಿದ್ದಾರೆ, ಅಂದೇ ಕೊನೆ ಎಂದಳು. ಬಿಳಿ ಮೀಸೆಯವನು ನಮ್ಮ ಜೊತೆ ಗಾಡಿಯವರೆಗೆ ನಡೆದು ಬಂದ. ಆ ಸೈನಿಕರು ಹೊರಡುವ ಮೊದಲು ತಿಂಗಳುಗಟ್ಟಲೆ ಅದೇ ಜೋಡಿಯಲ್ಲಿ ಕೂತು ಅಭ್ಯಾಸ ಮಾಡಿದ್ದರಂತೆ. "ನೀವು ಎಷ್ಟು ಮಾಡಿದ್ದಿರಿ?" ಎಂದು ಕೇಳಿದ. ನಾವು ಮಾಡಿದ್ದು ಬರೀ ಚಾಯ.

ದುಬೈಗೆ ಹಿಂದಿರುಗುವ ದಾರಿಯಲ್ಲಿ ಮಂಜುನಾಥ, "ಸೋಫಾಕ್ಕೆ ಏನ್ ಕೊಡ್ತೀರ ಅಂತ ಹೇಳ್ಬುಡಿ ಅಣ್ಣ" ಎಂದ. ನಾನು ಕೇಳದವನಂತೆ ಗಾಡಿ ಓಡಿಸಿದೆ. ಮಿರ್ದಿಫ್‌ನಲ್ಲಿ ಎಲ್ಲ ಬೀದಿಯೂ ಒಂದೇ ಥರ, ಅದೇ ಗೋಡೆ, ಅದೇ ಗೇಟು, ಅದೇ ಕಾಗದದ ಹೂಗಿಡ. ನನಗೆ ಅಲ್ಲಿ ಯಾವಾಗಲೂ ದಾರಿ ತಪ್ಪುತ್ತದೆ. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ದಾರಿ ಹೇಳುತ್ತಿದ್ದ. "ಸೀದಾ... ಯಸಾರ್... ಮಸೀದಿ ಆದ್ಮೇಲೆ ಯಮೀನ್."

ನಾನು ಯೋಚಿಸದೆ ಎಡಕ್ಕೆ ತಿರುಗಿಸಿದೆ, ಮಸೀದಿ ದಾಟಿ ಬಲಕ್ಕೆ ತಿರುಗಿಸಿದೆ. ಇಲ್ಲಿ ಟ್ಯಾಕ್ಸಿ ಹತ್ತಿದವರೆಲ್ಲ ಮೊದಲ ವಾರದಲ್ಲೇ ಕಲಿಯುವ ಅರಬಿ ಅದು. ಪಠಾಣ ಡ್ರೈವರಿಗಾಗಲಿ ಬಂಗಾಳಿಗಾಗಲಿ ಮಲಯಾಳಿಗಾಗಲಿ ಯಮೀನ್ ಎಂದರೆ ಬಲ, ಯಸಾರ್ ಎಂದರೆ ಎಡ. ಬೇರೆ ಅರ್ಥವೇ ಇಲ್ಲ. ಮಂಜುನಾಥ ಸಟ್ಟನೆ ನನ್ನ ಕಡೆ ತಿರುಗಿದ.

"ಅಣ್ಣ, ನಾನೀಗ ಏನಂದೆ?"

"ಯಮೀನ್ ಅಂದೆ."

"ನೀವು ಏನ್ ಮಾಡಿದ್ರಿ?"

ನಾನು ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದೆವು. ನನಗೆ ನಕ್ಕರೆ ತುಟಿ ಬಿರಿಯುತ್ತಿತ್ತು. ಹಿಂದಿನ ಕಾರಿನವ ಹಾರ್ನ್ ಹೊಡೆದ. ಮನೆಗೆ ಹೋದರೆ ನಿಧಿ ಪುಸ್ತಕದಿಂದ ತಲೆ ಎತ್ತಿ, "ಡ್ಯಾಡ್, ಡಿಡ್ ಯು ಸಿಂಕ್ ದ ಶಿಪ್?" ಎಂದಳು.

"ಇವತ್ತು ನಮ್ಮನ್ನೇ ಮುಳುಗ್ಸ್ಕೊಂಡ್ವಿ ಮಗಳೇ. ನಾಡಿದ್ದು ನೋಡು" ಎಂದ ಮಂಜುನಾಥ. ಸುಮಾ ನನ್ನ ಬಾಯಿ ನೋಡಿ ಹೆದರಿ, ಗಂಜಿ ಮಾಡಿಕೊಟ್ಟಳು.

ಮರುದಿನ ಲ್ಯಾನ್ಸಿಯವರ ಡ್ಯೂಟಿ ಮುಗಿದ ಮೇಲೆ ಎಲ್ಲರನ್ನೂ ನನ್ನ ಗೋದಾಮಿಗೆ ಕರೆಸಿದೆವು. ದಡದಿಂದ ಹೇರಿಕೊಂಡು ಬಂದಿದ್ದ ಮೂರು ದೋಣಿಯನ್ನು ಸಿಮೆಂಟು ನೆಲದ ಮೇಲೆ ಸಾಲಾಗಿ ಇಟ್ಟು, ಅದರಲ್ಲಿ ಕೂತು, ಗಾಳಿಗೆ ಹುಟ್ಟು ಹಾಕಿದೆವು. ಪಠಾಣ ಕಾವಲುಗಾರ ಕುರ್ಚಿ ಎಳೆದುಕೊಂಡು ನೋಡುತ್ತಾ ಕೂತ. ಅಕೌಂಟೆಂಟನಿಗೆ ಅಧಿಕಾರ ಬಂದರೆ ಹೇಗಿರುತ್ತದೆಂದು ಅಂದು ಕಂಡೆ. ಮಂಜುನಾಥ ಎಲ್ಲರಿಗೂ ನಾಲ್ಕೇ ಮಾತು ಕೊಟ್ಟ: ಯಮೀನ್, ಯಸಾರ್, ಸೀದಾ, ಖಲಾಸ್. ಖಲಾಸ್ ಎಂದರೆ ಹುಟ್ಟು ಎತ್ತಿ ಹಿಡಿದು ನಿಲ್ಲುವುದು.

"ಯಲ್ಲಾ ಬೇಡ್ವಾ?" ಎಂದ ಲ್ಯಾನ್ಸಿ.

"ಬ್ಯಾಡ. ಯಲ್ಲಾ ಅಂದ್ರೆ ಬಾ ಅಂತಾನೂ ಆಯ್ತದೆ, ಹೋಗು ಅಂತಾನೂ ಆಯ್ತದೆ, ಫೋನ್ ಇಡ್ತೀನಿ ಅಂತಾನೂ ಆಯ್ತದೆ. ಎರಡರ್ಥ ಇರೋದು ಒಂದೂ ಬ್ಯಾಡ."

"ಮೀಟರ್ ಹಾಕ್ಲಿಕ್ಕೆ ಉಂಟಾ ಸಾರ್?"

"ಬಾಯಿ ಮುಚ್ಕೊಂಡು ಯಸಾರ್ ಹೊಡಿ."

ಮತ್ತೊಂದು ಬದಲಾವಣೆ ಮಾಡಿದ. ಮಾತಾಡುವವನು ಒಬ್ಬನೇ ಇರಬೇಕು, ಅದು ತಾನು ಎಂದ. ಅವನು ಮುಂದಿನ ಸೀಟಿಗೆ ಬಂದ, ನನ್ನನ್ನು ಹಿಂದಕ್ಕೆ ಕೂರಿಸಿದ. ನನ್ನ ಹೊಟ್ಟೆಯ ಭಾರ ಹಿಂದಕ್ಕೆ ಹೋದ ಮೇಲೆ ದೋಣಿಯ ಮೂತಿಯೂ ಎತ್ತಿ ನಿಂತು ತಿರುಗುವುದು ಸುಲಭವಾಯಿತು. ಈ ಲಾಭವನ್ನು ಅವನು ಮೊದಲೇ ಲೆಕ್ಕ ಹಾಕಿದ್ದನೋ ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ಕೊನೆಯ ಬೆಳಗ್ಗೆ ಮಂಜು ಹಿಂದಿನದಕ್ಕಿಂತ ದಪ್ಪವಾಗಿತ್ತು. ದೋಣಿ ನೀರಿಗೆ ಇಳಿಸುವಾಗ ಯಾರೂ ತಮಾಷೆ ಮಾಡಲಿಲ್ಲ. ಮಂಜುನಾಥನ ಬೆನ್ನು ನನ್ನ ಕಣ್ಣೆದುರಿಗೆ. ಅವನು ಉಸಿರು ಎಳೆದಾಗ ಹುಟ್ಟು ಎತ್ತುವುದು, ಬಿಟ್ಟಾಗ ಇಳಿಸುವುದು. "ಸೀದಾ" ಎಂದು ಪಿಸುಗುಟ್ಟಿದ. ನಮ್ಮ ಹಿಂದೆ ಅದೇ ಮಾತನ್ನು ದಾಟಿಸುವ ಲ್ಯಾನ್ಸಿಯ ಪಿಸುದನಿ, ಅವನ ಹಿಂದೆ ಇನ್ನೊಂದು. ಕಾಂಡ್ಲಾದ ಎಲೆಯಿಂದ ತೊಟ್ಟಿಕ್ಕುವ ಹನಿಯ ಸದ್ದು ನಮ್ಮ ಹುಟ್ಟಿನ ಸದ್ದಿಗಿಂತ ದೊಡ್ಡದಾಗಿತ್ತು. "ಯಸಾರ್." ಕ್ಯಾಮೆರಾ ದೋಣಿ ಬಲಗಡೆ ನೆರಳಿನ ಹಾಗೆ ಸರಿದುಹೋಯಿತು. "ಯಸಾರ್... ಸೀದಾ."

ಹಡಗು ಮಂಜಿನಿಂದ ಒಮ್ಮೆಲೇ ಎದ್ದು ಬಂತು. ತಗಡು ಹೊಡೆದ ಮಂಜಿ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ತಲೆ ತಗ್ಗಿಸಿದೆ. ಮೇಲೆ ಕಾವಲುಗಾರನ ವೇಷದವನ ಬೂಟಿನ ಸದ್ದು. ಆ ನಿಜವಾದ ಹುಡುಗರನ್ನು ಆಗ ನೆನೆದೆ. ಅವರ ನೆತ್ತಿಯ ಮೇಲೆ ನಡೆಯುತ್ತಿದ್ದವನ ಕೈಯಲ್ಲಿ ನಿಜವಾದ ಬಂದೂಕಿತ್ತು, ಅವರಿಗೆ ಮನೆಗೆ ಹೋಗುವ ದಾರಿ ಇರಲಿಲ್ಲ. ನನ್ನ ಎದುರಿಗೆ ಕೂತವನಿಗೆ ಒಂದು ಮನೆ, ಪೆಟ್ಟಿಗೆ ಕಟ್ಟಿದ ಸಾಮಾನು, ಓದುತ್ತಾ ಕೂತ ಮಗಳು. "ಖಲಾಸ್" ಎಂದ. ಮೂರು ದೋಣಿಯ ಹುಟ್ಟೂ ಒಟ್ಟಿಗೆ ಎದ್ದು ನಿಂತವು. ಮಂಜುನಾಥ ಕೈ ಚಾಚಿ ಬಾಂಬನ್ನು ತಗಡಿಗೆ ಹಿಡಿದ. ಅಯಸ್ಕಾಂತ ಕಚ್ಚಿದ ಸದ್ದು ಒಂದು ಸಣ್ಣ ಮುತ್ತಿನ ಹಾಗಿತ್ತು. ಆಮೇಲೆ ಸದ್ದಿಲ್ಲದೆ ಹಿಂದೆ ಸರಿದು ಮಂಜಿನೊಳಗೆ ಹೋದೆವು.

ದಡದಲ್ಲಿ ರೀಮಾ ನಮ್ಮ ಪಿಸುಮಾತು ಕೇಳಲು ಕಿವಿಗೆ ಹಾಕಿದ್ದ ಯಂತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಬಿಳಿ ಮೀಸೆಯವನು ಟೋಪಿ ತೆಗೆದಿದ್ದ. "ಚಿತ್ರ ಚೆನ್ನಾಗಿ ಬಂತು" ಎಂದಳು ಅವಳು. "ಆದರೆ ನನ್ನ ಕಮಾಂಡೋಗಳು ಯಾಕೆ ಟ್ಯಾಕ್ಸಿ ಹುಡುಕುತ್ತಿದ್ದಾರೆ?"

ಮಂಜುನಾಥ ನಡೆದದ್ದನ್ನೆಲ್ಲ ವಿವರಿಸಿದ. ಬಲದಿಂದ ಶುರುಮಾಡಿ ಯಲ್ಲಾವರೆಗೆ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳತೊಡಗಿದಳು. ಮುಂದಿನ ಚಿತ್ರೀಕರಣಕ್ಕೆ ಅವಳ ಹತ್ತಿರ ನೇಪಾಳಿಗಳಿದ್ದರು, ಫಿಲಿಪಿನೋಗಳಿದ್ದರು, ಪಠಾಣರಿದ್ದರು. ಒಬ್ಬರು ಹೇಳಿದ್ದು ಒಬ್ಬರಿಗೆ ಮುಟ್ಟದೆ ದಿನವೂ ಏನಾದರೊಂದು ಮುರಿಯುತ್ತಿತ್ತು. ಪಾಸ್‌ಪೋರ್ಟ್ ಪ್ರತಿ ತೆಗೆದುಕೊಂಡು ನಾಳೆ ಆಫೀಸಿಗೆ ಬರಲು ಅವನಿಗೆ ಹೇಳಿದಳು. ನಾನು ಸಂಬಳದ ಮಾತಿಗೆ ಬಾಯಿ ಹಾಕಲು ಹೊರಟೆ. "ಅಣ್ಣ, ಇವತ್ತು ಮಾತಾಡೋನು ನಾನೊಬ್ನೇ" ಎಂದು ಮಂಜುನಾಥ ನನ್ನ ಕೈ ಒತ್ತಿದ.

ಗಡುವಿಗೆ ಮೊದಲೇ ವೀಸಾ ಆಯಿತು. ನಿಧಿ ಇಲ್ಲೇ ಪರೀಕ್ಷೆ ಬರೆದಳು. ಅವಳು ಬರೆದು ಮುಗಿಸಿದ ದಿನ ಅವರ ಮನೆಯಲ್ಲಿ ನಮಗೆಲ್ಲ ಮುದ್ದೆ ಊಟ. ಲ್ಯಾನ್ಸಿ ಅದನ್ನು ಅಗಿಯಲು ಹೋಗಿ ಸುಮಾಳಿಂದ ಬೈಸಿಕೊಂಡ. ಚಿತ್ರ ಟಿವಿಯಲ್ಲಿ ಬಂದಾಗ ನಮ್ಮ ಮೂರು ದೋಣಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋದವು. ಪಿನ್ನು ಚುಚ್ಚಿದ ನನ್ನ ಬೆನ್ನು ಮಾತ್ರ ಸ್ಪಷ್ಟವಾಗಿ ಕಂಡಿತು.

ಈಗ ನಿಮಗೆ ಹೇಳುವುದು ಇಷ್ಟೆ. ಗಲ್ಫಿಗೆ ಬರುವವರು, ಬಂದಿರುವವರು, ಯಾರ ಜೊತೆಗಾದರೂ ಏನಾದರೂ ಶುರು ಮಾಡುವ ಮೊದಲು ಮಾತಿನ ಅರ್ಥ ಕೇಳಿಕೊಳ್ಳಿ. ರೂಮು ಶೇರಿಂಗ್ ಎಂದರೆ ಎಷ್ಟು ಮಂದಿ ಎಂದು ಕೇಳಿ. ಟಿಕೆಟ್ ಕೊಡುತ್ತೇವೆ ಎಂದರೆ ಬರುವುದಕ್ಕೋ ಹೋಗುವುದಕ್ಕೋ ಎರಡಕ್ಕೋ ಎಂದು ಕೇಳಿ. ಮುಂದಿನ ವಾರ ನೋಡೋಣ ಎಂದವರ ಹತ್ತಿರ ಯಾವ ದಿನ ಎಂದು ಕೇಳಿ. ದಡ್ಡನೆಂದು ನಕ್ಕರೆ ನಗಲಿ, ಹಲ್ಲಿನ ಡಾಕ್ಟರಿಗಿಂತ ಅದು ಅಗ್ಗ. ಕೆಲಸ ಹೋದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರಬೇಡಿ. ಮೊದಲ ದಿನವೇ ಹತ್ತು ಜನಕ್ಕೆ ಹೇಳಿ, ಸಾಮಾನು ಕೊಳ್ಳಲು ಬಂದವನಿಗೂ ಹೇಳಿ. ಇನ್ನು ನಿಮ್ಮ ಪರಿಚಯದವರ ಕೆಲಸ ಹೋಗಿದೆಯೆಂದು ಗೊತ್ತಾದರೆ, ಅವರ ಮನೆಗೆ ಹಣ್ಣಿನ ಚೀಲ ಹಿಡಿದುಕೊಂಡು ಹೋಗಿ ಅಯ್ಯೋ ಪಾಪ ಎನ್ನಬೇಡಿ. ಏನಾದರೂ ಕೆಲಸ ಹುಡುಕಿ ಹಿಡಿದುಕೊಂಡು ಹೋಗಿ. ಒಂದು ಬೆಳಗಿನದ್ದಾದರೂ ಸಾಕು, ಗಾಡಿ ಹತ್ತಿಸಿಕೊಂಡು ಹೊರಡಿ.